ಸ್ಟಿಕ್ಕರ್‌ನಲ್ಲಿ 540 ವ್ಯಾಟ್, ತಾರಸಿಯಲ್ಲಿ ಎಷ್ಟು?

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ತಿಪಟೂರಿನಿಂದ ಚಿಕ್ಕಪ್ಪ ಫೋನ್ ಮಾಡಿದರು. ಹಿಂದಿನ ವಾರವಷ್ಟೇ ತಾರಸಿ ಮೇಲೆ ಸೋಲಾರ್ ಹಾಕಿಸಿದ್ದರು. 540 ವ್ಯಾಟಿನ ಆರು ಪ್ಯಾನೆಲ್, ಒಟ್ಟು 3.24 ಕಿಲೋವ್ಯಾಟ್.

"ಮೋಸ ಆಗಿದೆ ಕಣೋ. ಹನ್ನೆರಡೂವರೆ ಗಂಟೆ, ಒಂದು ಚೂರು ಮೋಡ ಇಲ್ಲ. ಇನ್ವರ್ಟರ್ ನೋಡಿದ್ರೆ ಬರೀ ಎರಡೂವರೆ ತೋರಿಸ್ತಿದೆ. ಮುಕ್ಕಾಲು ಕಿಲೋವ್ಯಾಟ್ ಎಲ್ಲಿಗೆ ಹೋಯ್ತು?"

ಮೋಸ ಏನೂ ಆಗಿರಲಿಲ್ಲ. ಏಪ್ರಿಲ್ ಮಧ್ಯಾಹ್ನಕ್ಕೆ ಎರಡೂವರೆ ಒಳ್ಳೆಯ ಮಾರ್ಕ್ಸೇ. ಆದರೆ ಫೋನಿನಲ್ಲಿ ಹೇಳಿದರೆ ಒಪ್ಪುವ ಜೀವ ಅಲ್ಲ ಅದು. ನಲವತ್ತು ವರ್ಷ ಕೊಬ್ಬರಿ ತೂಗಿಸಿ ದುಡ್ಡು ಎಣಿಸಿದವರು. ಹಾಗಾಗಿ ಭಾನುವಾರ ಹೋಗಿ, ಅವರ ಕೊಬ್ಬರಿ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲೇ ಎಲ್ಲ ಬರೆದು ತೋರಿಸಿದೆ. ಆ ಹಾಳೆಯಲ್ಲಿದ್ದದ್ದೇ ಇಲ್ಲಿದೆ. ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಮೊದಲು ಪ್ಯಾನೆಲ್ಲಿನ ಹತ್ತಿರ ಹೋಗಿ ನೋಡಬೇಕು. ಗಾಜಿನ ಕೆಳಗೆ ಕಪ್ಪು ಬಿಲ್ಲೆಗಳು ಸಾಲಾಗಿ ಕಾಣುತ್ತವಲ್ಲ, ಅವೇ ಸೆಲ್. ಸಿಲಿಕಾನಿನ ತೆಳು ಹಾಳೆ, ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟೂ ದಪ್ಪ ಇಲ್ಲ. ಒಂದು ಸೆಲ್‌ನಿಂದ ಸಿಗುವ ವೋಲ್ಟೇಜ್ ಸುಮಾರು 0.6ರಿಂದ 0.7. ಟಾರ್ಚಿಗೆ ಹಾಕುವ ಸೆಲ್‌ನ ಅರ್ಧಕ್ಕಿಂತ ಕಡಿಮೆ. ಸೆಲ್ ಅಂಗೈ ಅಗಲ ಇರಲಿ, ಉಗುರಿನಷ್ಟಿರಲಿ, ವೋಲ್ಟೇಜ್ ಅಷ್ಟೇ. ಅಗಲ ಹೆಚ್ಚಿದಂತೆ ಹೆಚ್ಚುವುದು ಕರೆಂಟ್, ಅಂದರೆ ಆಂಪ್. ಚೆನ್ನಾದ ಬಿಸಿಲಿನಲ್ಲಿ ಒಂದು ಚದರ ಸೆಂಟಿಮೀಟರಿಗೆ ಸುಮಾರು 40 ಮಿಲಿಆಂಪ್ ಸಿಗುತ್ತದೆ. ಈಗ ಜಾಸ್ತಿ ಚಾಲ್ತಿಯಲ್ಲಿರುವ 182 ಮಿಲಿಮೀಟರ್ ಸೆಲ್ಲಿಗೆ 330 ಚದರ ಸೆಂಟಿಮೀಟರ್ ಜಾಗ. ಗುಣಿಸಿದರೆ 13 ಆಂಪಿಗಿಂತ ತುಸು ಜಾಸ್ತಿ.

ಬೆಳಕು ಅರ್ಧ ಆದರೆ ಕರೆಂಟ್ ಅರ್ಧ. ವೋಲ್ಟೇಜ್ ಹಾಗಲ್ಲ. ಬೆಳಗಿನ ಜಾವದ ಮಂದ ಬೆಳಕಿಗೂ ಅದು ಹೆಚ್ಚುಕಡಿಮೆ ಪೂರ್ತಿ ಏರಿಬಿಡುತ್ತದೆ. ಈ ಮಾತು ನೆನಪಿನಲ್ಲಿರಲಿ, ಮುಂದೆ ಒಂದು ಕಡೆ ಬೇಕಾಗುತ್ತದೆ.

ಇಂಥ 72 ಸೆಲ್‌ಗಳನ್ನು ಒಂದರ ಬಾಲಕ್ಕೆ ಒಂದರಂತೆ ಕಟ್ಟಿದರೆ ವೋಲ್ಟೇಜ್ ಕೂಡುತ್ತಾ ಹೋಗಿ 49.5 ಆಗುತ್ತದೆ. (ಈಗಿನ ಪ್ಯಾನೆಲ್‌ಗಳಲ್ಲಿ ಸೆಲ್ಲನ್ನು ಅರ್ಧಕ್ಕೆ ಕತ್ತರಿಸಿ 144 ತುಂಡು ಮಾಡಿರುತ್ತಾರೆ. ವೋಲ್ಟೇಜಿನ ಲೆಕ್ಕಕ್ಕೆ ಮಾತ್ರ 72 ಅಂತಲೇ ಹಿಡಿಯಬೇಕು.) ಪ್ಯಾನೆಲ್ ಬೆನ್ನಿಗೆ ಅಂಟಿಸಿದ ಸ್ಟಿಕ್ಕರ್ ಓದಿದರೆ ಇದೇ ಸಿಗುತ್ತದೆ: ಓಪನ್ ಸರ್ಕ್ಯೂಟ್ ವೋಲ್ಟೇಜ್ 49.5, ಶಾರ್ಟ್ ಸರ್ಕ್ಯೂಟ್ ಕರೆಂಟ್ 13.85 ಆಂಪ್. ಕಂಪನಿಯಿಂದ ಕಂಪನಿಗೆ ಅಂಕಿ ಸ್ವಲ್ಪ ಆಚೀಚೆ.

ಚಿಕ್ಕಪ್ಪ ಇಲ್ಲೇ ಹಿಡಿದರು. "ಇವೆರಡನ್ನೂ ಗುಣಿಸಿದ್ರೆ 685 ಬರುತ್ತಲ್ಲೋ. 540 ಅಂತ ಯಾಕೆ ಹಾಕಿದಾರೆ? ಕಡಿಮೆ ಬರೆದುಕೊಳ್ಳೋ ಕಂಪನಿ ಯಾವುದಪ್ಪಾ!"

ಹೂಗಿಡಕ್ಕೆ ನೀರು ಬಿಡುವ ಪೈಪನ್ನು ನೆನೆಸಿಕೊಳ್ಳಿ. ಪೈಪಿನ ಬಾಯಿಗೆ ಹೆಬ್ಬೆರಳು ಪೂರ್ತಿ ಒತ್ತಿದರೆ ಒತ್ತಡ ಭರ್ತಿ, ನೀರು ಸೊನ್ನೆ. ಬೆರಳು ತೆಗೆದುಬಿಟ್ಟರೆ ನೀರು ಭರ್ತಿ, ಒತ್ತಡ ಸೊನ್ನೆ, ಎಲ್ಲ ಕಾಲ ಬುಡದಲ್ಲೇ ಬೀಳುತ್ತದೆ. ಬಾಯಿಯನ್ನು ಒಂದಷ್ಟು ಮುಚ್ಚಿ ಒಂದಷ್ಟು ಬಿಟ್ಟಾಗಲೇ ಆಚೆ ಮೂಲೆಯ ದಾಸವಾಳದವರೆಗೂ ನೀರು ಹಾರುವುದು. ಪ್ಯಾನೆಲ್ಲಿನ ಕಥೆಯೂ ಇದೇ. ವೈರ್ ಬಿಚ್ಚಿಟ್ಟಾಗ 49.5 ವೋಲ್ಟ್ ಇರುತ್ತದೆ, ಕರೆಂಟ್ ಇಲ್ಲ. ಎರಡೂ ವೈರ್ ಕೂಡಿಸಿಬಿಟ್ಟರೆ 13.85 ಆಂಪ್ ಹರಿಯುತ್ತದೆ, ವೋಲ್ಟೇಜ್ ಇಲ್ಲ. ನಡುವೆ ಒಂದು ಜಾಗದಲ್ಲಿ, ನಮ್ಮ ಪ್ಯಾನೆಲ್ಲಿಗೆ 41.6 ವೋಲ್ಟ್ ಮತ್ತು 12.98 ಆಂಪಿನಲ್ಲಿ, ಗುಣಲಬ್ಧ ಅತಿ ಹೆಚ್ಚು. ಅದೇ 540. ಅದನ್ನು 685ರಿಂದ ಭಾಗಿಸಿದರೆ 0.79. ಇದಕ್ಕೆ ಫಿಲ್ ಫ್ಯಾಕ್ಟರ್ ಅನ್ನುತ್ತಾರೆ. ಸೆಲ್ ಚೆನ್ನಾಗಿದ್ದಷ್ಟೂ ಇದು ಒಂದರ ಕಡೆಗೆ ಹೋಗುತ್ತದೆ. ಬೆಸುಗೆ ಕೆಟ್ಟರೆ, ಸೆಲ್ ಬಿರುಕು ಬಿಟ್ಟರೆ ಇಳಿಯುತ್ತದೆ. ಆ ಹೆಬ್ಬೆರಳನ್ನು ದಿನವಿಡೀ ಸರಿಯಾದ ಜಾಗದಲ್ಲಿ ಇಡುವ ಕೆಲಸ, ಪ್ಯಾನೆಲ್ಲಿನ ಡಿಸಿ ಕರೆಂಟನ್ನು ಮನೆಗೆ ಬೇಕಾದ ಎಸಿ ಮಾಡಿಕೊಡುವ ಇನ್ವರ್ಟರ್‌ನ ಒಳಗಿರುವ ಎಂಪಿಪಿಟಿ (ಮ್ಯಾಕ್ಸಿಮಮ್ ಪವರ್ ಪಾಯಿಂಟ್ ಟ್ರ್ಯಾಕರ್) ಅನ್ನುವ ಭಾಗದ್ದು.

ಇನ್ನೊಂದು ಲೆಕ್ಕವನ್ನೂ ಮುಗಿಸಿಬಿಡೋಣ. ಪ್ಯಾನೆಲ್ಲಿನ ಉದ್ದ 2.28 ಮೀಟರ್, ಅಗಲ 1.13 ಮೀಟರ್, ಅಂದರೆ 2.58 ಚದರ ಮೀಟರ್. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದರೆ ಒಟ್ಟು 2580. ಅದರಲ್ಲಿ ಕರೆಂಟಾಗಿ ಹೊರಬರುವುದು 540. ಶೇ 21. ಇದೇ ಎಫಿಶಿಯನ್ಸಿ. ಕಡಿಮೆ ಅನ್ನಿಸುತ್ತದೆ, ಅಲ್ವಾ? 1954ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸಕ್ಕೆ ಬರುವಂಥ ಮೊದಲ ಸಿಲಿಕಾನ್ ಸೆಲ್ ಜಗತ್ತಿಗೆ ತೋರಿಸಿದಾಗ ಅದು ಶೇ 6ರ ಹತ್ತಿರ ಇತ್ತು. ಒಂದೇ ಪದರದ ಸಿಲಿಕಾನ್ ಸೆಲ್ ಎಷ್ಟೇ ಹೆಣಗಿದರೂ ಶೇ 29ರ ಆಸುಪಾಸು ದಾಟಲಾರದು. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಅವಕೆಂಪು ಕಿರಣದ ಒಂದು ಪಾಲು ಸಿಲಿಕಾನಿಗೆ ತಾಗದೆ ದಾಟಿಹೋಗುತ್ತದೆ. ನೀಲಿ ಬೆಳಕಿನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ, ಆ ಜಾಸ್ತಿಯೆಲ್ಲ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಮನೆ ಮಟ್ಟಿಗೆ ಹೇಳುವುದಾದರೆ, ತಾರಸಿಯಲ್ಲಿ ಜಾಗ ಧಾರಾಳ ಇದ್ದವರು ಎಫಿಶಿಯನ್ಸಿ ಹಿಂದೆ ಓಡಬೇಕಿಲ್ಲ. ಜಾಗ ಇಕ್ಕಟ್ಟಾದರೆ ಮಾತ್ರ ಅದಕ್ಕೆ ದುಡ್ಡು ಕೊಡಿ.

ಮುಕ್ಕಾಲು ಕಿಲೋವ್ಯಾಟ್ ಹೋದದ್ದೆಲ್ಲಿಗೆ?

540 ಅನ್ನುವುದು ಸುಳ್ಳಲ್ಲ. ಆದರೆ ಅದು ಪರೀಕ್ಷಾ ಕೊಠಡಿಯ ಅಂಕಿ. ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿಟ್ಟು, ಸೆಲ್ 25 ಡಿಗ್ರಿಯಲ್ಲಿದ್ದಾಗ ಅಳೆದದ್ದು. ಗಾಳಿಯ ಬಿಸಿ ಅಲ್ಲ, ಸೆಲ್ಲಿನ ಬಿಸಿ 25 ಡಿಗ್ರಿ. ಚಿಕ್ಕಪ್ಪನಿಗೆ ಪ್ಯಾನೆಲ್ಲಿನ ಫ್ರೇಮ್ ಮುಟ್ಟಿ ನೋಡಿ ಅಂದೆ. ಮುಟ್ಟಿದವರೇ ಕೈ ಕೊಡವಿದರು.

ಬಿಸಿಯನ್ನು ಅಂದಾಜು ಮಾಡುವುದಕ್ಕೂ ಸ್ಟಿಕ್ಕರ್ ಅಥವಾ ಜೊತೆಗೆ ಕೊಡುವ ಡೇಟಾಶೀಟೇ ದಾರಿ. ಅದರಲ್ಲಿ ನಾಕ್ಟ್ (NOCT) ಅಂತ ಒಂದು ಸಾಲು ಇರುತ್ತದೆ, ಸಾಮಾನ್ಯವಾಗಿ 45 ಡಿಗ್ರಿ. 800 ವ್ಯಾಟ್ ಬೆಳಕು, 20 ಡಿಗ್ರಿ ಗಾಳಿ ಇದ್ದಾಗ ಸೆಲ್ 45ಕ್ಕೆ ಏರುತ್ತದೆ ಅಂತ ಅದರ ಅರ್ಥ. ಅಂದರೆ 800 ವ್ಯಾಟಿಗೆ 25 ಡಿಗ್ರಿ ಏರಿಕೆ. ಆವತ್ತು ತಿಪಟೂರಿನಲ್ಲಿ ಬಿಸಿಲು 950 ಅಂತ ಇಟ್ಟುಕೊಂಡರೆ ಏರಿಕೆ 30 ಡಿಗ್ರಿ. ಗಾಳಿಯೇ 35 ಡಿಗ್ರಿ ಇತ್ತು. ಸೆಲ್ 65ಕ್ಕೆ ಮುಟ್ಟಿತು. ಪರೀಕ್ಷೆಯ 25ಕ್ಕಿಂತ 40 ಡಿಗ್ರಿ ಮೇಲೆ.

ಬಿಸಿಯಾದರೆ ಸೆಲ್ ಸೋಲುತ್ತದೆ. ಒಂದೊಂದು ಡಿಗ್ರಿಗೆ ಪವರ್ ಸುಮಾರು ಶೇ 0.35 ಇಳಿಯುತ್ತದೆ. 40 ಡಿಗ್ರಿಗೆ ಶೇ 14. ಬಿಸಿಲು ಜಾಸ್ತಿ ಇದ್ದಷ್ಟೂ ಸೋಲಾರ್ ಚೆನ್ನಾಗಿ ಓಡುತ್ತದೆ ಅನ್ನುವುದು ಅರ್ಧ ಸತ್ಯ. ಅದಕ್ಕೆ ಬೇಕಿರುವುದು ಬೆಳಕು, ಸೆಕೆ ಅಲ್ಲ.

ಈಗ ಹಾಳೆಯ ಮೇಲೆ ಇಳಿಸುತ್ತಾ ಹೋದೆವು. 540ರಲ್ಲಿ ಬಿಸಿಗೆ ಶೇ 14 ಹೋಗಿ 464. ಬಿಸಿಲು 1000ದ ಬದಲು 950 ಇದ್ದದ್ದರಿಂದ 441. ಆರು ಪ್ಯಾನೆಲ್ಲಿಗೆ 2647. ಧೂಳು ಮತ್ತು ವೈರಿಗೆ ಸೇರಿ ಶೇ 3 ಕಳೆದರೆ 2568. ಇನ್ವರ್ಟರ್ ತನ್ನ ಕೂಲಿ ಅಂತ ಇನ್ನೊಂದು ಶೇ 3 ಹಿಡಿದುಕೊಂಡರೆ 2491. ಎರಡೂವರೆ!

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಟ್ಟಕ್ಕೆ ಸಾವಿರ ತೆಂಗಿನಕಾಯಿ ಹಾಕಿ, ಹತ್ತು ಹನ್ನೊಂದು ತಿಂಗಳು ಬಿಟ್ಟು ಸುಲಿದಾಗ ಸಾವಿರ ಗಿಟುಕು ಸಿಗುತ್ತಾ ಅಂತ ಕೇಳಿದೆ. ಒಂದಷ್ಟು ಕೊಳೆತಿರುತ್ತವೆ, ಒಂದಷ್ಟು ಒಡೆದಿರುತ್ತವೆ. "ಅದು ಗೊತ್ತಿರೋ ನಷ್ಟ ಬಿಡು" ಅಂದರು. ಇದೂ ಗೊತ್ತಿರುವ ನಷ್ಟವೇ. ಮೊದಲೇ ಕಳೆದು ಮಾತಾಡುವುದಿಲ್ಲ ಅಷ್ಟೇ.

ಕಿಲೋವ್ಯಾಟ್ ಬಿಡಿ, ಯೂನಿಟ್ ಹೇಳಿ

ಮಧ್ಯಾಹ್ನದ ಒಂದು ಕ್ಷಣ ಎಷ್ಟು ಬಂತು ಅನ್ನುವುದು ಕಿಲೋವ್ಯಾಟ್. ಇಡೀ ದಿನಕ್ಕೆ ಎಷ್ಟು ಸೇರಿತು ಅನ್ನುವುದು ಯೂನಿಟ್. ಒಂದು ಕಿಲೋವ್ಯಾಟ್ ಒಂದು ಗಂಟೆ ಪೂರ್ತಿ ಬಂದರೆ ಒಂದು ಯೂನಿಟ್, ಅಂದರೆ 1000 ವ್ಯಾಟ್‌ಅವರ್. ಬಿಲ್ ಬರುವುದು ಯೂನಿಟ್ಟಿಗೆ. ಹಾಗಾಗಿ ದಿನದ ಬಿಸಿಲನ್ನೂ ಒಂದು ಅಂಕಿಗೆ ಇಳಿಸಬೇಕು.

ಬೆಳಗ್ಗೆ ಏಳಕ್ಕೆ ಬಿಸಿಲು ಮಂದ, ಹನ್ನೆರಡಕ್ಕೆ ಜೋರು, ಸಂಜೆ ಮತ್ತೆ ಮಂದ. ಈ ಏರಿಳಿತವನ್ನೆಲ್ಲ ಒಟ್ಟು ಸೇರಿಸಿ, ಪೂರ್ತಿ 1000 ವ್ಯಾಟಿನ ಬಿಸಿಲು ಎಷ್ಟು ಗಂಟೆ ಇದ್ದಂತಾಯಿತು ಅಂತ ಲೆಕ್ಕ ಹಾಕುತ್ತಾರೆ. ಕರ್ನಾಟಕದ ಬಯಲುಸೀಮೆಗೆ ವರ್ಷದ ಸರಾಸರಿ ದಿನಕ್ಕೆ 5ರಿಂದ 5.5 ಗಂಟೆ. ಮಾರ್ಚಿನಲ್ಲಿ 6 ದಾಟುತ್ತದೆ, ಜುಲೈ ಆಗಸ್ಟಿನಲ್ಲಿ ಚೆನ್ನಾಗಿ ಇಳಿಯುತ್ತದೆ. ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದು ನಿಂತಿದ್ದಕ್ಕೆ ಈ ಬಿಸಿಲೂ ಒಂದು ಕಾರಣ, ಮಳೆ ಇಲ್ಲದ ಆ ನೆಲವೂ ಒಂದು ಕಾರಣ.

ವರ್ಷಪೂರ್ತಿಯ ಲೆಕ್ಕಕ್ಕೆ ಬಿಸಿ, ಧೂಳು, ವೈರ್, ಇನ್ವರ್ಟರ್, ಆಗಾಗ ಹೋಗುವ ಕರೆಂಟ್, ಎಲ್ಲ ಸೇರಿ ನೂರಕ್ಕೆ 77 ಉಳಿಯುತ್ತದೆ ಅಂತ ಹಿಡಿಯಬಹುದು. (ಸಾಮಾನ್ಯ ಆನ್‌ಗ್ರಿಡ್ ಇನ್ವರ್ಟರ್, ಅಂದರೆ ಬೀದಿಯ ಲೈನಿಗೆ ಜೋಡಿಸಿದ್ದು, ಲೈನಿನಲ್ಲಿ ಕರೆಂಟ್ ಹೋದರೆ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್ ಜೀವ ಉಳಿಯಲಿ ಅಂತ. ಇದು ಗೊತ್ತಿಲ್ಲದೆ "ಸೋಲಾರ್ ಹಾಕಿಸಿದ್ರೂ ಕತ್ತಲೆ" ಅಂತ ಬೈದುಕೊಳ್ಳುವವರು ಬೇಕಾದಷ್ಟು ಜನ.) 1 ಕಿಲೋವ್ಯಾಟ್, 5.3 ಗಂಟೆ, 0.77. ಗುಣಿಸಿದರೆ 4.08. "ಒಂದು ಕಿಲೋವ್ಯಾಟಿಗೆ ದಿನಕ್ಕೆ ನಾಲ್ಕು ಯೂನಿಟ್" ಅಂತ ಎಲ್ಲರೂ ಹೇಳುವ ಬಾಯಿಲೆಕ್ಕ ಹುಟ್ಟಿದ್ದು ಇಲ್ಲಿಂದಲೇ.

ಇನ್ನು ಎಷ್ಟು ಹಾಕಿಸಬೇಕು ಅನ್ನುವುದಕ್ಕೆ ಹಿಂದಿನ ಹನ್ನೆರಡು ತಿಂಗಳ ಬಿಲ್ ತೆಗೆದಿಟ್ಟುಕೊಂಡರೆ ಸಾಕು. ಚಿಕ್ಕಪ್ಪನ ಮನೆಯ ಸರಾಸರಿ ತಿಂಗಳಿಗೆ 300 ಯೂನಿಟ್, ದಿನಕ್ಕೆ 10. ನಾಲ್ಕರಿಂದ ಭಾಗಿಸಿದರೆ 2.5 ಕಿಲೋವ್ಯಾಟ್. 540ರ ಪ್ಯಾನೆಲ್ಲಾದರೆ ಐದು ಸಾಕಿತ್ತು. ಆರು ಹಾಕಿಸಿದ್ದು ಚಿಕ್ಕಮ್ಮನ ಇಂಡಕ್ಷನ್ ಒಲೆಯ ಆಸೆಗೆ ಒಂದು, ಕೇಂದ್ರದ ಸೂರ್ಯಘರ್ ಯೋಜನೆಯ ಸಬ್ಸಿಡಿಗೆ ಇನ್ನೊಂದು. 2024ರಲ್ಲಿ ಶುರುವಾದ ಆ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದರ ಮೇಲೆ ಎಷ್ಟೇ ಹಾಕಿದರೂ 78,000 ರೂಪಾಯಿ. ಹಾಗಾಗಿ ಬೇಕೋ ಬೇಡವೋ, ಎಲ್ಲರ ಲೆಕ್ಕವೂ ಮೂರಕ್ಕೆ ಬಂದು ನಿಲ್ಲುತ್ತದೆ. ನನ್ನ ಕೇಳಿದರೆ, ಗೃಹಜ್ಯೋತಿಯಲ್ಲಿ ಬಿಲ್ಲೇ ಬಾರದ ಮನೆಯವರು ಸೋಲಾರಿಗೆ ಕೈಹಾಕುವ ಮುಂಚೆ ಎರಡು ಸಲ ಯೋಚಿಸಬೇಕು. ಉಳಿಸುವುದಕ್ಕೆ ಬಿಲ್ ಇರಬೇಕಲ್ಲ!

ಜಾಗದ ವಿಷಯ ಬೇಗ ಮುಗಿಯುತ್ತದೆ. ಒಂದು ಪ್ಯಾನೆಲ್ಲಿಗೆ 28 ಚದರ ಅಡಿ, ಆರಕ್ಕೆ 168. ತೊಳೆಯಲು ಓಡಾಡುವ ಜಾಗವೂ ಸೇರಿ 250, 300 ಬೇಕು. ತಿಪಟೂರು 13 ಡಿಗ್ರಿ ಉತ್ತರ ಅಕ್ಷಾಂಶದ ಮೇಲಿದೆ, ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿ ಅಷ್ಟೇ ಡಿಗ್ರಿ ಓರೆ. ಒಂದೆರಡು ಡಿಗ್ರಿ ಆಚೀಚೆ ಆದರೆ ಪ್ರಳಯ ಏನೂ ಆಗಲ್ಲ.

ನೆರಳಿನ ಮಾತು ಮಾತ್ರ ಅಷ್ಟು ಬೇಗ ಮುಗಿಯುವುದಿಲ್ಲ, ಅದೂ ತೆಂಗಿನ ಊರಿನಲ್ಲಿ. ಸಾಲಾಗಿ ಕಟ್ಟಿದ ಸೆಲ್‌ಗಳಲ್ಲಿ ಒಂದೇ ಕರೆಂಟ್ ಹರಿಯಬೇಕು. ಒಂದಕ್ಕೆ ನೆರಳು ಬಿದ್ದರೆ ಅದು ದಾರಿಗೆ ಅಡ್ಡ ಕೂರುತ್ತದೆ. ಗೂಡ್ಸ್ ಗಾಡಿ ನಿಂತರೆ ಹಿಂದಿನ ಎಕ್ಸ್‌ಪ್ರೆಸ್ಸೂ ನಿಂತಂತೆ. ಇದಕ್ಕೆಂದೇ ಪ್ಯಾನೆಲ್ಲಿನ ಹಿಂದಿನ ಡಬ್ಬಿಯಲ್ಲಿ ಮೂರು ಬೈಪಾಸ್ ಡಯೋಡ್ ಇರುತ್ತವೆ. ಅಡ್ಡ ಕೂತ ಭಾಗವನ್ನು ಬಿಟ್ಟು ಕರೆಂಟನ್ನು ಪಕ್ಕದ ದಾರಿಯಲ್ಲಿ ಕಳಿಸುತ್ತವೆ. ಆದರೆ ಆ ಭಾಗದ ವೋಲ್ಟೇಜ್ ಹೋಯಿತು ಅಂತಲೇ. ಒಂದು ತೆಂಗಿನ ಗರಿಯ ನೆರಳು ಅಗಲದಲ್ಲಿ ಗೇಣುದ್ದ ಇರಬಹುದು. ಅಡ್ಡಡ್ಡ ಬಿದ್ದರೆ ಮೂರೂ ಭಾಗಕ್ಕೆ ಹೊಡೆತ ಕೊಡುತ್ತದೆ.

ನೆರಳನ್ನು ಏಪ್ರಿಲಿನಲ್ಲಿ ನೋಡಿ ತೀರ್ಮಾನ ಮಾಡಬಾರದು. ಏಪ್ರಿಲ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯ ನೆತ್ತಿ ಮೇಲೇ ನಿಲ್ಲುತ್ತಾನೆ, ಕಂಬಕ್ಕೂ ನೆರಳಿರುವುದಿಲ್ಲ. ಡಿಸೆಂಬರ್ ಕೊನೆಯ ವಾರದಲ್ಲಿ ನಟ್ಟ ಮಧ್ಯಾಹ್ನವೂ ಅವನು 53 ಡಿಗ್ರಿ ಎತ್ತರದಲ್ಲೇ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಳಗ್ಗೆ ಒಂಬತ್ತೂವರೆ ಹೊತ್ತಿಗೆ 33ರ ಆಸುಪಾಸು. ಆಗ ಒಂದು ಮೀಟರ್ ಎತ್ತರದ ಪ್ಯಾರಪೆಟ್ ಗೋಡೆಯ ನೆರಳು ಒಂದೂವರೆ ಮೀಟರ್ ಚಾಚುತ್ತದೆ. ನೀರಿನ ಟ್ಯಾಂಕ್, ಪಕ್ಕದ ಮನೆಯ ಮಹಡಿ, ಡಿಶ್ ಆಂಟೆನಾ, ಎಲ್ಲವನ್ನೂ ಡಿಸೆಂಬರಿನ ಕಣ್ಣಿನಿಂದ ನೋಡಬೇಕು.

ಸಾಲು ಕಟ್ಟುವುದು

ಆರು ಪ್ಯಾನೆಲ್ಲನ್ನು ಒಂದೇ ಸಾಲಾಗಿ ಕಟ್ಟಬೇಕೋ, ಮೂರು ಮೂರರ ಎರಡು ಸಾಲು ಮಾಡಬೇಕೋ? ಇದನ್ನು ಇನ್‌ಸ್ಟಾಲ್ ಮಾಡುವವರಿಗೆ ಬಿಟ್ಟುಬಿಡುತ್ತೇವೆ. ಎರಡು ಗುಣಾಕಾರದ ಕೆಲಸ, ನಾವೇ ಮಾಡಿ ನೋಡಬಹುದು. ಆದರೆ ಎರಡಕ್ಕೂ ದಿನ ಬೇರೆ ಬೇರೆ.

ಮೊದಲನೆಯದು ಅತಿ ಚಳಿಯ ಬೆಳಗು. ಬಿಸಿಗೆ ವೋಲ್ಟೇಜ್ ಇಳಿಯುವಂತೆ ತಂಪಿಗೆ ಏರುತ್ತದೆ. ಜನವರಿಯಲ್ಲಿ ಸೂರ್ಯ ಆಗತಾನೇ ಹುಟ್ಟಿದಾಗ ಪ್ಯಾನೆಲ್ ರಾತ್ರಿಯ ತಣ್ಣಗಿನ ಮೈಯಲ್ಲೇ ಇರುತ್ತದೆ, ಮಂದ ಬೆಳಕಿಗೇ ವೋಲ್ಟೇಜ್ ಏರಿಬಿಟ್ಟಿರುತ್ತದೆ, ಇನ್ವರ್ಟರ್ ಇನ್ನೂ ಎದ್ದಿರುವುದಿಲ್ಲ. ನೆನಪಿನಲ್ಲಿಡಿ ಅಂದಿದ್ದು ಇದಕ್ಕೇ. ಎಷ್ಟು ಚಳಿ ಹಿಡಿಯಬೇಕು? ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, 1884ರ ಜನವರಿ 13ರಂದು. ನಮ್ಮ ಸೀಮೆಗೆ 8 ಅಂತ ಇಟ್ಟುಕೊಳ್ಳೋಣ. 25ಕ್ಕಿಂತ 17 ಡಿಗ್ರಿ ಕೆಳಗೆ. ಓಪನ್ ಸರ್ಕ್ಯೂಟ್ ವೋಲ್ಟೇಜ್ ಡಿಗ್ರಿಗೆ ಶೇ 0.27 ಏರುತ್ತದೆ, 17 ಡಿಗ್ರಿಗೆ ಶೇ 4.6. 49.5 ಇದ್ದದ್ದು 51.8 ಆಯಿತು. ಆರು ಸಾಲಾಗಿ ನಿಂತರೆ 311 ವೋಲ್ಟ್. ಚಿಕ್ಕಪ್ಪನ ಇನ್ವರ್ಟರ್ ತಡೆಯುವುದು 550ರವರೆಗೆ. ನಿಶ್ಚಿಂತೆ. ಹತ್ತು ಪ್ಯಾನೆಲ್ ಇದ್ದರೂ 518. ಹನ್ನೊಂದನೆಯದು ಸೇರಿಸಿದರೆ 570. ಎಲ್ಲ ದಿನ ಚೆನ್ನಾಗಿ ಓಡಿ, ಒಂದು ಚಳಿಯ ಮುಂಜಾವಿನಲ್ಲಿ ಇನ್ವರ್ಟರ್ ಸುಟ್ಟುಹೋಗುತ್ತದೆ.

ಎರಡನೆಯದು ಅತಿ ಸೆಕೆಯ ಮಧ್ಯಾಹ್ನ. ಕೆಲಸ ಮಾಡುವಾಗಿನ 41.6 ವೋಲ್ಟ್, 65 ಡಿಗ್ರಿ ಬಿಸಿಯಲ್ಲಿ 35.8ಕ್ಕೆ ಇಳಿಯುತ್ತದೆ. ಆರಕ್ಕೆ 215. ಮೂರು ಮೂರರ ಸಾಲು ಮಾಡಿದ್ದರೆ 107. ಆ ಇನ್ವರ್ಟರ್‌ನ ಎಂಪಿಪಿಟಿ ಕೆಲಸ ಶುರು ಮಾಡುವುದೇ 120 ವೋಲ್ಟಿನಿಂದ. ಪಕ್ಕದ ಬೀದಿಯ ಒಂದು ಮನೆಯಲ್ಲಿ ಹೀಗೇ ಆಗಿತ್ತು. ಬೆಳಗ್ಗೆ ಒಂಬತ್ತಕ್ಕೆ ಓಡುವ ಸೋಲಾರ್ ಮಧ್ಯಾಹ್ನ ಒಂದಕ್ಕೆ ಮಲಗುತ್ತಿತ್ತು. ಇನ್ವರ್ಟರ್ ಬದಲಾಯಿಸಿದ್ದೂ ಆಯಿತು, ಹೊಸದೂ ಮಲಗಿತು. ಎರಡು ಸಾಲನ್ನು ಒಂದು ಮಾಡಿದ ಮೇಲೆ ಏಳತೊಡಗಿತು. ಖರ್ಚು ಎರಡು ಕನೆಕ್ಟರ್.

ಅಕ್ಕನ ಮನೆಯ ಜುಲೈ

ಇಷ್ಟೂ ಲೈನ್ ಇರುವ ಮನೆಯ ಕಥೆ. ಇಲ್ಲಿ ಅಂದಾಜು ತಪ್ಪಿದರೆ ಬಿಲ್ ಒಂದಿಷ್ಟು ಜಾಸ್ತಿ ಬರುತ್ತದೆ ಅಷ್ಟೇ. ನಮ್ಮ ಅಕ್ಕನನ್ನು ಕೊಟ್ಟಿರುವುದು ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ವಾರಗಟ್ಟಲೆ ಬರುವುದಿಲ್ಲ. ಹಾಗಾಗಿ ಬ್ಯಾಟರಿ ಇಟ್ಟ ಸೋಲಾರ್ ಹಾಕಿಸಿದರು. ಒಂದು 540ರ ಪ್ಯಾನೆಲ್, 12 ವೋಲ್ಟಿನ 150 ಎಎಚ್ (ಆಂಪ್‌ಅವರ್) ಬ್ಯಾಟರಿ ಎರಡು. ಅಂಗಡಿಯವರು "ನಿಮಗೆ ಬೇಕಾದ್ದರ ಡಬಲ್ ಇದೆ" ಅಂದಿದ್ದರಂತೆ. ಜುಲೈ ಎರಡನೇ ವಾರದ ಹೊತ್ತಿಗೆ ಮೂರು ದಿನಕ್ಕೊಮ್ಮೆ ಕತ್ತಲೆ.

ಇಲ್ಲಿ ಲೆಕ್ಕ ಶುರುವಾಗಬೇಕಾದ್ದು ಬಿಲ್ಲಿನಿಂದ ಅಲ್ಲ, ಮನೆಯೊಳಗಿನಿಂದ. ಅಕ್ಕನ ಜೊತೆ ಕೋಣೆ ಕೋಣೆ ತಿರುಗಿ ಬರೆದುಕೊಂಡೆ. 9 ವ್ಯಾಟಿನ ಆರು ಬಲ್ಬ್ ಐದು ಗಂಟೆ, 270. ಕಡಿಮೆ ಕರೆಂಟ್ ತಿನ್ನುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಎರಡು, ಎಂಟು ಗಂಟೆ, 480. ಟಿವಿ 60 ವ್ಯಾಟ್ ಮೂರು ಗಂಟೆ, 180. ಮಿಕ್ಸಿ 500 ವ್ಯಾಟ್ ಕಾಲು ಗಂಟೆ, 125. ಫೋನ್ ಚಾರ್ಜಿಗೆ 50. ವೈಫೈ ಡಬ್ಬಿ ಬರೀ 10 ವ್ಯಾಟ್, ಆದರೆ ಇಪ್ಪತ್ತನಾಲ್ಕು ಗಂಟೆ. 240! ಟಿವಿಗಿಂತ ಜಾಸ್ತಿ. ಮನೆಯಿಂದಲೇ ಕೆಲಸ ಮಾಡುವ ಮಗನ ಮುಖ ನೋಡಿ ಅದನ್ನು ಕಡಿಮೆ ಮಾಡುವ ಮಾತು ಎತ್ತಲಿಲ್ಲ. ಎಲ್ಲ ಸೇರಿ 1345 ವ್ಯಾಟ್‌ಅವರ್, ಅಂದರೆ ದಿನಕ್ಕೆ 1.35 ಯೂನಿಟ್.

ಅಂಗಡಿಯವರು ಇದನ್ನು 5 ಗಂಟೆಯಿಂದ ಭಾಗಿಸಿ 270 ವ್ಯಾಟ್ ಸಾಕು ಅಂದಿದ್ದು. ಎರಡು ತಪ್ಪು. ಬ್ಯಾಟರಿಗೆ ಹಾಕಿದ್ದೆಲ್ಲ ವಾಪಸ್ ಬರುವುದಿಲ್ಲ. ಲೆಡ್ ಆಸಿಡ್ ಬ್ಯಾಟರಿ ಮತ್ತು ಇನ್ವರ್ಟರ್ ಸೇರಿ ಕಾಲು ಭಾಗ ತಿನ್ನುತ್ತವೆ. 1.35 ಸಿಗಬೇಕಾದರೆ 1.8 ಹಾಕಬೇಕು. ವೈರ್ ಮತ್ತು ಬ್ಯಾಟರಿ ಚಾರ್ಜ್ ಮಾಡುವ ಕಂಟ್ರೋಲರ್ ನಷ್ಟಕ್ಕೆ ಇನ್ನೊಂದು ಹತ್ತು ಪರ್ಸೆಂಟ್ ಸೇರಿ 2 ಯೂನಿಟ್. ಇನ್ನು 5 ಗಂಟೆ ಅನ್ನುವುದು ವರ್ಷದ ಸರಾಸರಿ. ಬ್ಯಾಟರಿ ಸರಾಸರಿಯಲ್ಲಿ ಬದುಕುವುದಿಲ್ಲ, ಮಾರ್ಚಿನ ಬಿಸಿಲನ್ನು ಜುಲೈಗೆ ಎತ್ತಿಡಲೂ ಆಗುವುದಿಲ್ಲ. ಅಲ್ಲಿಯ ಜುಲೈಗೆ 3 ಗಂಟೆಗಿಂತ ಜಾಸ್ತಿ ನಂಬಬಾರದು. 2000ವನ್ನು 3ರಿಂದ ಭಾಗಿಸಿದರೆ 667 ವ್ಯಾಟ್.

540 ಇದ್ದರೂ ತುಸುವೇ ಕಡಿಮೆ ಅಲ್ವಾ ಅನ್ನಬಹುದು. ಅಲ್ಲಿ ಇನ್ನೊಂದು ಕಳ್ಳ ಅಡಗಿದ್ದ. ಹಾಕಿದ್ದು ಅಗ್ಗದ ಪಿಡಬ್ಲ್ಯುಎಂ ಕಂಟ್ರೋಲರ್. ಅದಕ್ಕೆ ಹೆಬ್ಬೆರಳಿನ ಕೌಶಲ ಇಲ್ಲ. ಪ್ಯಾನೆಲ್ಲನ್ನು ಬ್ಯಾಟರಿಗೆ ನೇರ ಕಟ್ಟಿಹಾಕುತ್ತದೆ. 24 ವೋಲ್ಟಿನ ಬ್ಯಾಟರಿ ಜೋಡಿ ಚಾರ್ಜ್ ಆಗುವಾಗ 27ರ ಸುಮಾರಿಗೆ ಇರುತ್ತದೆ. 41.6ರಲ್ಲಿ ಓಡಬೇಕಾದ ಪ್ಯಾನೆಲ್ 27ಕ್ಕೆ ಇಳಿದು ಕೂರುತ್ತದೆ. ಕರೆಂಟ್ 13 ಚಿಲ್ಲರೆ ದಾಟುವುದಿಲ್ಲ. ಪೂರ್ತಿ ಬಿಸಿಲಿದ್ದರೂ 360 ವ್ಯಾಟ್! ಮೂರನೇ ಒಂದು ಪಾಲು ದುಡ್ಡು ಸುಮ್ನೆ ಅಂಗಳದಲ್ಲಿ ಬಿಸಿಲು ಕಾಯುತ್ತಿತ್ತು.

ಭಾವ ಇನ್ನೊಂದು ಪ್ಯಾನೆಲ್ ಮತ್ತು ಎಂಪಿಪಿಟಿ ಕಂಟ್ರೋಲರ್ ತರಿಸಿದರು. ಹೆಂಚಿನ ಮಾಡಿಗೆ ಮರದ ನೆರಳು, ಹಾಗಾಗಿ ಪ್ಯಾನೆಲ್ ನಿಲ್ಲಿಸಿದ್ದು ಅಡಿಕೆ ಒಣಗಿಸುವ ಅಂಗಳದ ಅಂಚಿನಲ್ಲಿ, ಮನೆಯಿಂದ 30 ಮೀಟರ್ ದೂರ. ಎರಡನ್ನೂ ಪಕ್ಕಪಕ್ಕ, ಅಂದರೆ ಪ್ಯಾರಲಲ್ ಆಗಿ ಕಟ್ಟಿದರೆ 26 ಆಂಪ್. ಹೋಗಿ ಬರುವ 60 ಮೀಟರ್ 4 ಚದರ ಮಿಲಿಮೀಟರ್ ವೈರಿನಲ್ಲೇ ಆರೂಮುಕ್ಕಾಲು ವೋಲ್ಟ್ ಬಿದ್ದುಹೋಗುತ್ತದೆ, ಇರುವ 41.6ರಲ್ಲಿ ಶೇ 16. ಸಾಲಾಗಿ ಕಟ್ಟಿದರೆ ವೋಲ್ಟೇಜ್ 83, ಕರೆಂಟ್ 13, ನಷ್ಟ ಶೇ 4. ಕರೆಂಟ್ ಅರ್ಧ ಆದರೆ ವೈರಿನ ನಷ್ಟ ಕಾಲು ಭಾಗಕ್ಕೆ ಇಳಿಯುತ್ತದೆ. ಸರಿ, ಸಾಲು ಅಂತ ತೀರ್ಮಾನವಾಯಿತು. ಅಂಗಡಿಯವರು ತಂದದ್ದು 100 ವೋಲ್ಟಿನ ಕಂಟ್ರೋಲರ್. "ಎರಡು 49.5 ಸೇರಿದರೆ 99 ಸಾರ್, ಕರೆಕ್ಟಾಗಿ ಕೂರುತ್ತೆ" ಅಂದರು. ಮಲೆನಾಡಿನ ಜನವರಿಯಲ್ಲಿ ಅದು 103 ಆಗುತ್ತದೆ. ವಾಪಸ್ ಕಳಿಸಿ 150ರದ್ದು ತರಿಸಬೇಕಾಯಿತು.

ಬ್ಯಾಟರಿಗೂ ಒಂದು ಗುಣಾಕಾರ ಇದೆ. ಇನ್ವರ್ಟರ್ ನಷ್ಟ ಸೇರಿ ದಿನಕ್ಕೆ 1500 ವ್ಯಾಟ್‌ಅವರ್ ಎಳೆಯುತ್ತದೆ. 12 ವೋಲ್ಟನ್ನು 150ರಿಂದ ಗುಣಿಸಿದರೆ 1800, ಇರುವ ಎರಡು ಬ್ಯಾಟರಿಯಲ್ಲಿ 3600. ಆದರೆ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಬರಿದು ಮಾಡುತ್ತಾ ಹೋದರೆ ಆಯಸ್ಸು ಬೇಗ ಮುಗಿಯುತ್ತದೆ. ಹಾಗಾಗಿ 1800 ಮಾತ್ರ ನಮ್ಮದು, ಒಂದು ದಿನಕ್ಕೆ ತುಸು ಜಾಸ್ತಿ. ಆಗುಂಬೆ ಮಳೆ ಒಂದೇ ದಿನಕ್ಕೆ ನಿಲ್ಲುತ್ತಾ? ಎರಡು ದಿನ ಬೇಕು ಅಂದರೆ ನಾಲ್ಕು ಬ್ಯಾಟರಿ. ಲಿಥಿಯಂ ಐರನ್ ಫಾಸ್ಫೇಟ್ ಆದರೆ ಶೇ 90ರವರೆಗೂ ಬಳಸಬಹುದು, 25.6 ವೋಲ್ಟಿನ 130 ಎಎಚ್‌ನ ಒಂದೇ ಪೆಟ್ಟಿಗೆ ಸಾಕು. ಬೆಲೆ ನೋಡಿ ಭಾವ ಸದ್ಯಕ್ಕೆ ಇನ್ನೆರಡು ಲೆಡ್ ಬ್ಯಾಟರಿಗೇ ಒಪ್ಪಿದರು. ಮುಂದಿನ ಮಳೆಗಾಲದಲ್ಲಿ ಅಕ್ಕನ ಮನೆ ಕತ್ತಲಾಗಿದ್ದು ಒಂದೇ ರಾತ್ರಿ, ಅದೂ ಫ್ಯೂಸ್ ಹೋಗಿ.

ಚಿಕ್ಕಪ್ಪನಿಂದ ಮತ್ತೆ ಫೋನ್ ಬಂದದ್ದು ಆಗಸ್ಟಿನಲ್ಲಿ.

"ಏನೋ, ಈಗಷ್ಟೇ ಮಳೆ ನಿಂತು ಮೋಡ ಸರೀತು. ಮೀಟರ್ ಮೂರು ಕಿಲೋವ್ಯಾಟಿಗೆ ಹೋಗಿ ಕೂತುಬಿಟ್ಟಿತ್ತು! ಏಪ್ರಿಲ್‌ನಲ್ಲಿ ಬಾರದ್ದು ಮಳೆಗಾಲದಲ್ಲಿ ಹೆಂಗೆ ಬಂತು? ಇನ್ವರ್ಟರ್ ಏನಾದ್ರೂ ಕೆಟ್ಟಿದೆಯಾ?"

ಪುಸ್ತಕದ ಕೊನೆ ಹಾಳೆ ತೆಗೀರಿ ಅಂದೆ. ಮಳೆ ಧೂಳು ತೊಳೆದಿದೆ. ಮೋಡದ ಕೆಳಗೆ ತಣ್ಣಗಿದ್ದ ಸೆಲ್ ಇನ್ನೂ 40 ಡಿಗ್ರಿಯಲ್ಲೇ ಇರಬಹುದು, ನಷ್ಟ ಶೇ 5 ಅಷ್ಟೇ. ಮೋಡದ ಬಿಳಿ ಅಂಚಿಗೆ ತಾಗಿ ಚೆಲ್ಲಿದ ಬೆಳಕೂ ನೇರ ಬಿಸಿಲಿನ ಜೊತೆ ಸೇರಿದರೆ ಒಂದೆರಡು ನಿಮಿಷ 1000 ದಾಟಿ 1100 ಆಗುತ್ತದೆ. 3240ನ್ನು 1.1ರಿಂದ ಗುಣಿಸಿ, ಶೇ 5 ಕಳೆಯಿರಿ, ಇನ್ವರ್ಟರ್ ಕೂಲಿ ತೆಗೆಯಿರಿ.

ಆ ಕಡೆ ಪೆನ್ನಿನ ಸದ್ದು. "3284 ಬಂತಲ್ಲೋ."

ಇನ್ವರ್ಟರ್ 3 ಕಿಲೋವ್ಯಾಟಿನದು, ಅದಕ್ಕಿಂತ ಜಾಸ್ತಿ ಬಿಡಲ್ಲ, ಅದಕ್ಕೇ ಮೂರಕ್ಕೆ ಕೂತಿದೆ ಅಂದೆ.

"ಅಂದ್ರೆ ಮಿಕ್ಕ 284 ನಷ್ಟ ಆಯ್ತು ಅನ್ನು."